ಅಗಸ್ತ್ಯಮಲೆಯ ಪಾದುಕೆ ಆರ್ಕಿಡ್: ಕುಂಡದಲ್ಲಿ ಉಳಿದು ಬೆಟ್ಟದಲ್ಲಿ ಅಳಿಯುತ್ತಿರುವ ಗಿಡವೊಂದರ ಪ್ರಕರಣ ಅಧ್ಯಯನ

ಕೇರಳ ಮತ್ತು ತಮಿಳುನಾಡುಗಳ ಗಡಿಯಲ್ಲಿರುವ ಅಗಸ್ತ್ಯಮಲೆಯಲ್ಲಿ, ದಟ್ಟ ಮಳೆಕಾಡು ತೆಳುವಾಗುತ್ತ ಬಂಡೆ ಮತ್ತು ಹುಲ್ಲಿಗೆ ಜಾಗ ಬಿಟ್ಟುಕೊಡುವ ಎತ್ತರದಲ್ಲಿ, ನೆಲದ ಮೇಲೆ ಬೆಳೆಯುವ ಒಂದು ಆರ್ಕಿಡ್ ಇದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಪ್ಯಾಫಿಯೋಪೆಡಿಲಮ್ ಡ್ರೂರಿಯೈ. ಯೂರೋಪಿನ ಗಾಜಿನ ಮನೆಗಳಲ್ಲಿ ಅದು ನೂರು ವರ್ಷಕ್ಕೂ ಮಿಗಿಲಾಗಿ ಹೂ ಬಿಟ್ಟಿದೆ. ತೋಟಗಾರರು ಅದನ್ನು ಬೇರೆ ಪ್ರಭೇದಗಳೊಡನೆ ಕೂಡಿಸಿ ಮಿಶ್ರತಳಿಗಳನ್ನು ಪಡೆದಿದ್ದಾರೆ. ತವರಿನ ಬೆಟ್ಟದಲ್ಲಿ ಮಾತ್ರ ಅದು ಬೆರಳೆಣಿಕೆಯ ತಾಣಗಳಿಗೆ ಕುಗ್ಗಿದ್ದು, ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅಳಿವಿನ ಅತಿ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ದಾಖಲಾಗಿದೆ. ಒಂದು ಗಿಡ ಲೋಕದಲ್ಲಿ ಉಳಿದಿದೆ ಎನ್ನುವುದೂ ತನ್ನ ನೆಲದಲ್ಲಿ ಉಳಿದಿದೆ ಎನ್ನುವುದೂ ಒಂದೇ ಮಾತಲ್ಲ. ಈ ಎರಡರ ನಡುವಣ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ದಕ್ಷಿಣ ಭಾರತದ ಸಸ್ಯಲೋಕದಲ್ಲಿ ನನಗೆ ಕಂಡಿಲ್ಲ.

ಗಿಡ ಮತ್ತು ಅದರ ನೆಲ

ಮಲೆನಾಡಿನವರು ಆರ್ಕಿಡ್ ಎಂದೊಡನೆ ನೆನೆಯುವುದು ಮರದ ಕೊಂಬೆಯಿಂದ ತೂಗುವ ಸೀತಾಳೆ ದಂಡೆಯನ್ನು. ಅದು ಮರದ ತೊಗಟೆಗೆ ಬೇರು ಊರಿಕೊಂಡು ಗಾಳಿಯ ತೇವವನ್ನು ಹೀರಿ ಬದುಕುವ ಗಿಡ. ಪಾದುಕೆ ಆರ್ಕಿಡ್ ಹಾಗಲ್ಲ. ಅದು ನೆಲದ ಗಿಡ. ಬಂಡೆಗಳ ಸಂದಿನಲ್ಲಿ, ಹುಲ್ಲು ಮತ್ತು ಕುರುಚಲಿನ ನಡುವೆ, ಕೊಳೆತ ಎಲೆಯ ತೆಳುವಾದ ಪದರಿನಲ್ಲಿ ಬೇರು ಬಿಡುತ್ತದೆ. ದಪ್ಪನೆಯ, ಗಟ್ಟಿಯಾದ, ಮಚ್ಚೆಗಳಿಲ್ಲದ ಹಸಿರು ಎಲೆಗಳು ಬುಡದಿಂದಲೇ ಎರಡು ಸಾಲಾಗಿ ಹೊರಡುತ್ತವೆ. ಈ ಕುಲದ ಇತರ ಪ್ರಭೇದಗಳಲ್ಲಿ ಹೊಸ ಚಿಗುರು ಸಾಮಾನ್ಯವಾಗಿ ತಾಯಿಯ ಬುಡಕ್ಕೆ ಅಂಟಿಕೊಂಡೇ ಏಳುತ್ತದೆ. ಇದರಲ್ಲಿಯಾದರೋ ನೆಲಕ್ಕೆ ಸಮಾನಾಂತರವಾಗಿ ಹರಿಯುವ ಉದ್ದನೆಯ ಕಾಂಡವಿದ್ದು, ಮರಿಗಿಡಗಳು ತಾಯಿಯಿಂದ ಒಂದಿಷ್ಟು ದೂರದಲ್ಲಿ ತಲೆ ಎತ್ತುತ್ತವೆ. ಹೀಗೆ ಒಂದೇ ಗಿಡ ವರ್ಷಗಳು ಕಳೆದಂತೆ ಬಂಡೆಯ ಅಂಚಿನುದ್ದಕ್ಕೂ ಹರಡಿ ಒಂದು ಸಣ್ಣ ಬಳಗವಾಗುತ್ತದೆ. ಈ ಹರಿಯುವ ಕಾಂಡದ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಡೆದದ್ದಕ್ಕೂ ಇದಕ್ಕೂ ಸಂಬಂಧವಿದೆ.

ಒಂದು ದಂಟಿಗೆ ಸಾಮಾನ್ಯವಾಗಿ ಒಂದೇ ಹೂ. ಹಸಿರು ಬೆರೆತ ಹಳದಿ ಬಣ್ಣದ ದಳಗಳ ನಡುವೆ ಕಂದುಗೆಂಪಿನ ದಪ್ಪನೆಯ ಗೆರೆ ಉದ್ದಕ್ಕೂ ಹಾದುಹೋಗುತ್ತದೆ. ಮೇಲಿನ ಪುಷ್ಪಪತ್ರದಲ್ಲೂ ಅದೇ ಗೆರೆ. ಕೆಳದಳ ಚೀಲದಂತೆ ಉಬ್ಬಿ ಪಾದುಕೆಯ ಆಕಾರ ತಾಳಿದೆ. ಕುಲದ ಹೆಸರು ಹುಟ್ಟಿದ್ದೂ ಅದರಿಂದಲೇ: ಗ್ರೀಕರ ಪ್ರೇಮದೇವತೆಯ ಪಟ್ಟಣವಾದ ಪಾಫೋಸ್ ಮತ್ತು ಪಾದರಕ್ಷೆ ಎಂಬ ಅರ್ಥದ ಪೆಡಿಲಾನ್ ಎಂಬ ಮಾತುಗಳು ಸೇರಿ ಅದು ಆಗಿದೆ. ಆ ಚೀಲ ಅಲಂಕಾರಕ್ಕಾಗಿ ಇರುವುದಲ್ಲ. ಬಣ್ಣ, ಹೊಳಪುಗಳಿಗೆ ಮರುಳಾಗಿ ಬರುವ ಕೀಟ ಚೀಲದ ನುಣುಪಾದ ಅಂಚಿನಿಂದ ಜಾರಿ ಒಳಗೆ ಬೀಳುತ್ತದೆ. ಬಿದ್ದ ದಾರಿಯಲ್ಲಿ ಮರಳಿ ಹತ್ತಲಾಗದೆ, ಹಿಂಬದಿಯ ಗೋಡೆಯ ರೋಮಗಳನ್ನು ಹಿಡಿದು ಮೇಲೇರುವಾಗ ಅದು ಮೊದಲು ಪರಾಗವನ್ನು ಸ್ವೀಕರಿಸುವ ಶಲಾಕಾಗ್ರದ ಕೆಳಗೂ ಅನಂತರ ಎರಡು ಪರಾಗಕೋಶಗಳಲ್ಲಿ ಒಂದರ ಪಕ್ಕಕ್ಕೂ ನುಸುಳಲೇಬೇಕು. ಹಾಗೆ ನುಸುಳುವಾಗ ಬೆನ್ನಿಗೆ ಅಂಟುವ ಪರಾಗ ಅದೇ ಹೂವಿನ ಶಲಾಕಾಗ್ರಕ್ಕೆ ತಾಗುವಂತಿಲ್ಲ. ಇನ್ನೊಂದು ಹೂವಿನೊಳಗೆ ಮತ್ತೆ ಬಿದ್ದಾಗಲೇ ಅದಕ್ಕೆ ಸಾರ್ಥಕ್ಯ. ಈ ಕುಲದ ಹೂಗಳು ಕೀಟಕ್ಕೆ ಮಕರಂದವನ್ನೇನೂ ಕೊಡುವುದಿಲ್ಲ. ಮೋಸಹೋದ ಕೀಟ ಮತ್ತೊಮ್ಮೆ ಮೋಸಹೋಗಬೇಕಾದರೆ ಹತ್ತಿರದಲ್ಲೇ ಅದೇ ಹೊತ್ತಿಗೆ ಅರಳಿದ ಇನ್ನೊಂದು ಹೂ ಇರಬೇಕು. ಆದ್ದರಿಂದ ಗಿಡಗಳು ವಿರಳವಾದಷ್ಟೂ ಉಳಿದ ಗಿಡಗಳಿಗೆ ಕಾಯಿ ಕಟ್ಟುವ ಅವಕಾಶ ಇನ್ನಷ್ಟು ಇಳಿಯುತ್ತದೆ. ನೂರು ಗಿಡಗಳಲ್ಲಿ ತೊಂಬತ್ತನ್ನು ಕಿತ್ತರೆ ಉಳಿಯುವುದು ಹತ್ತು ಎಂಬುದು ಬರಿಯ ಎಣಿಕೆ. ಸಂತಾನದ ದೃಷ್ಟಿಯಿಂದ ಉಳಿಯುವುದು ಹತ್ತಕ್ಕಿಂತ ಬಹಳ ಕಡಿಮೆ.

ನೆಲೆಯ ಕಡೆಗೆ ಬರೋಣ. ಅಗಸ್ತ್ಯಮಲೆಯ ತುದಿ 1,868 ಮೀಟರ್ ಎತ್ತರವಿದೆ. ಈ ಗಿಡದ ನೆಲೆ ಸುಮಾರು 1,400 ಮೀಟರಿನಿಂದ ಮೇಲಕ್ಕೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವೂ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತವೂ ಈ ಬೆಟ್ಟಗಳಿಗೆ ಮಳೆ ತರುತ್ತವೆ. ಆದುದರಿಂದ ಇಲ್ಲಿನ ಒಣಗಾಲ ಪಶ್ಚಿಮಘಟ್ಟದ ಉತ್ತರ ಭಾಗಕ್ಕಿಂತ ಮೊಟಕು. ಕೆಳಗಿನ ಕಣಿವೆಗಳಲ್ಲಿ ನಿತ್ಯಹರಿದ್ವರ್ಣದ ಕಾಡು, ಮೇಲೇರಿದಂತೆ ಗಾಳಿಗೆ ಬಾಗಿದ ಕುಳ್ಳ ಮರಗಳು, ಅವುಗಳ ಆಚೆಗೆ ಬಂಡೆ ಮತ್ತು ಹುಲ್ಲು. ತಾಮ್ರಪರ್ಣಿ ನದಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. 2001ರಲ್ಲಿ ಇದು ಜೀವಗೋಲ ಮೀಸಲು ಪ್ರದೇಶವಾಯಿತು. 2012ರಲ್ಲಿ ಪಶ್ಚಿಮಘಟ್ಟದ ವಿಶ್ವಪರಂಪರೆಯ ತಾಣಗಳಲ್ಲಿ ಒಂದು ಸಮೂಹವಾಗಿ ಸೇರಿತು. 2016ರಲ್ಲಿ ಯುನೆಸ್ಕೋದ ಜೀವಗೋಲ ಜಾಲದಲ್ಲೂ ಸ್ಥಾನ ಪಡೆಯಿತು. ಯುನೆಸ್ಕೋದ ದಾಖಲೆಯಂತೆ ಇಲ್ಲಿ 2,254 ಪ್ರಭೇದಗಳ ಉನ್ನತ ಸಸ್ಯಗಳಿವೆ, ಅವುಗಳಲ್ಲಿ 405 ಇಲ್ಲಿಗೇ ಸೀಮಿತವಾದವು.

ಈ ಗಿಡ ಇಲ್ಲಿಗೇ ಸೀಮಿತವಾಗಿರುವುದು ಮಾತ್ರವಲ್ಲ, ತನ್ನ ಕುಲದಿಂದಲೂ ಬೇರ್ಪಟ್ಟು ನಿಂತಿದೆ. ಭಾರತದ ಉಳಿದೆಲ್ಲ ಪಾದುಕೆ ಆರ್ಕಿಡ್‌ಗಳು ಈಶಾನ್ಯ ರಾಜ್ಯಗಳಲ್ಲಿ ಮತ್ತು ಪೂರ್ವ ಹಿಮಾಲಯದಲ್ಲಿವೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಅಂತರ ದಾಟಿದರೆ ಮಾತ್ರ ಇದರ ಹತ್ತಿರದ ನೆಂಟರು ಸಿಗುತ್ತಾರೆ. ನೀಲಗಿರಿಯ ಶೋಲಾಗಳಲ್ಲಿ ಅರಳುವ ಕೆಂಪು ರೋಡೋಡೆಂಡ್ರಾನ್‌ನ ನೆಂಟರೂ ಹಿಮಾಲಯದಲ್ಲೇ ಇರುವುದನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಆದರೂ ಈ ಆರ್ಕಿಡ್‌ನ ಒಂಟಿತನ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಈ ಒಂದು ಬೆಟ್ಟಸಾಲಿನಲ್ಲಿ ಅದು ಇಲ್ಲವಾದರೆ, ಬೀಜವನ್ನು ಮರಳಿ ಕಳುಹಿಸಬಲ್ಲ ಇನ್ನೊಂದು ಕಾಡು ಎಲ್ಲಿಯೂ ಇಲ್ಲ.

ನಷ್ಟ ನಡೆದ ಬಗೆ

ತಿರುವಾಂಕೂರಿನ ಬೆಟ್ಟಗಳಲ್ಲಿ 1865ರಲ್ಲಿ ಈ ಗಿಡವನ್ನು ಮೊದಲು ಗುರುತಿಸಿದವನು ಸೇನಾಧಿಕಾರಿಯೂ ಸಸ್ಯಾಸಕ್ತನೂ ಆಗಿದ್ದ ಕರ್ನಲ್ ಹೆಬರ್ ಡ್ರೂರಿ. ಮದರಾಸು ಪ್ರಾಂತದ ಅರಣ್ಯಾಧಿಕಾರಿ ರಿಚರ್ಡ್ ಹೆನ್ರಿ ಬೆಡ್ಡೋಮ್ 1874ರಲ್ಲಿ ಇದನ್ನು ಸಿಪ್ರಿಪೀಡಿಯಮ್ ಡ್ರೂರಿಯೈ ಎಂಬ ಹೆಸರಿನಲ್ಲಿ ಚಿತ್ರಸಹಿತ ಪ್ರಕಟಿಸಿದ. 1892ರಲ್ಲಿ ಅದು ಈಗಿನ ಕುಲಕ್ಕೆ ವರ್ಗವಾಯಿತು. ಅದು ಇಂಗ್ಲೆಂಡಿನ ಸಿರಿವಂತರು ಆರ್ಕಿಡ್‌ಗಳಿಗಾಗಿ ಹಣ ಸುರಿಯುತ್ತಿದ್ದ ಕಾಲ. ಹಿಮಾಲಯದ ಇನ್ನೊಂದು ಪಾದುಕೆ ಆರ್ಕಿಡ್ ಕೃಷಿಯಿಂದ ಕಣ್ಮರೆಯಾದಾಗ ಅದನ್ನು ಮತ್ತೆ ಹುಡುಕಿಕೊಟ್ಟವರಿಗೆ 1,000 ಪೌಂಡ್ ಬಹುಮಾನವನ್ನು ವ್ಯಾಪಾರಿಯೊಬ್ಬರು ಘೋಷಿಸಿದ್ದರು ಎಂಬುದರಿಂದಲೇ ಆ ಕಾಲದ ಹುಚ್ಚಿನ ಅಳತೆ ತಿಳಿಯುತ್ತದೆ. ಅಗಸ್ತ್ಯಮಲೆಯ ಗಿಡವೂ ಆ ಮಾರುಕಟ್ಟೆಗೆ ಹೋಯಿತು. ಆದರೆ ಬೆಟ್ಟ ದುರ್ಗಮವಾಗಿದ್ದುದರಿಂದಲೋ ಏನೋ, ಅಲ್ಲಿನ ತಾಣಗಳು ಬಹುಕಾಲ ಹೊರಗಿನವರ ಕಣ್ಣಿಗೆ ಬೀಳದೆ ಉಳಿದವು. ಕಾಡಿನಲ್ಲಿ ಅದು ಅಳಿದೇಹೋಯಿತು ಎಂದು ಸಸ್ಯವಿಜ್ಞಾನಿಗಳು ಭಾವಿಸಿದ್ದೂ ಉಂಟು.

ಹೆಚ್ಚಿನ ಹಾನಿಯಾದದ್ದು ಆ ಮರೆವಿನ ಕಾಲದಲ್ಲಲ್ಲ, ನೆನಪು ಮರಳಿದ ಮೇಲೆ. 1970ರ ದಶಕದ ಆರಂಭದಲ್ಲಿ ಬೆಟ್ಟದಲ್ಲಿ ಗಿಡ ಮತ್ತೆ ಪತ್ತೆಯಾಯಿತು. ಸುದ್ದಿ ಹಬ್ಬಿದ ಕೆಲವೇ ವರ್ಷಗಳಲ್ಲಿ ವ್ಯಾಪಾರಕ್ಕಾಗಿ ಕೀಳುವವರು ತಾಣಗಳನ್ನು ಬರಿದು ಮಾಡಿದರು. ಇಲ್ಲಿ ಗಿಡದ ಸ್ವಭಾವವೇ ಅದಕ್ಕೆ ಮುಳುವಾಯಿತು. ಮರದ ತುದಿಯ ಆರ್ಕಿಡ್ ಕೈಗೆ ಎಟುಕಬೇಕಾದರೆ ಹತ್ತಬೇಕು. ಇದಕ್ಕೆ ಬಗ್ಗಿದರೆ ಸಾಕು. ಬಯಲಿನ ಹುಲ್ಲಿನಲ್ಲಿ ಹಳದಿ ಹೂ ದೂರಕ್ಕೇ ಕಾಣುತ್ತದೆ. ಹಾಗಾಗಿ ಮೊದಲು ಹೋಗುವುದು ಹೂ ಬಿಡುವ, ಅಂದರೆ ಬೀಜ ಕೊಡಬಲ್ಲ ಗಿಡಗಳೇ. ನೆಲದ ಮೇಲ್ಪದರದಲ್ಲಿ ಹರಿಯುವ ಕಾಂಡವನ್ನು ಒಂದು ತುದಿಯಲ್ಲಿ ಎಳೆದರೆ ತಾಯಿಯೊಡನೆ ಮರಿಗಳೂ ಕಿತ್ತು ಬರುತ್ತವೆ. ಬಂಡೆಯ ಅಂಚಿನುದ್ದಕ್ಕೂ ಹರಡಲು ಅನೇಕ ವರ್ಷ ತೆಗೆದುಕೊಂಡ ಬಳಗವನ್ನು ಚೀಲಕ್ಕೆ ತುಂಬಲು ಕೆಲವು ನಿಮಿಷ ಸಾಕು.

ಇದು ಕಳೆದ ಶತಮಾನಕ್ಕೆ ಮುಗಿದ ರೂಢಿಯಲ್ಲ. ವಿಯೆಟ್ನಾಮಿನಲ್ಲಿ ಇದೇ ಕುಲದ ಒಂದು ಹೊಸ ಪ್ರಭೇದವನ್ನು 1999ರಲ್ಲಿ ವಿಜ್ಞಾನಕ್ಕೆ ಪರಿಚಯಿಸಲಾಯಿತು. ಕೆಲವೇ ವರ್ಷಗಳಲ್ಲಿ ಅದರ ನೆಲೆ ಬಹುತೇಕ ಬರಿದಾಯಿತು. ವೈಜ್ಞಾನಿಕ ಪ್ರಕಟಣೆಯೇ ಕಳ್ಳರಿಗೆ ನಕ್ಷೆಯಾಗುವ ಈ ದುರಂತದಿಂದಾಗಿ ಅನೇಕ ಸಸ್ಯವಿಜ್ಞಾನಿಗಳು ಈಗ ಹೊಸ ಆರ್ಕಿಡ್‌ಗಳ ನಿಖರ ತಾಣವನ್ನು ಬರೆಯುವುದೇ ಇಲ್ಲ. ಈ ಬರಹದಲ್ಲಿಯೂ ಬೆಟ್ಟದ ಹೆಸರಿಗಿಂತ ಹೆಚ್ಚಿನ ಗುರುತನ್ನು ನಾನು ಬೇಕೆಂದೇ ಕೊಡುತ್ತಿಲ್ಲ.

ಕಾನೂನು ಎಷ್ಟು ದೂರ ಬಂದಿದೆ

ಕಾಗದದ ಮೇಲೆ ಈ ಗಿಡಕ್ಕಿರುವ ರಕ್ಷಣೆ ಗಟ್ಟಿಯಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದಾಗ ಸಸ್ಯಗಳಿಗೆಂದೇ ಒಂದು ಅಧ್ಯಾಯ ಸೇರಿತು. ಅದರ ಆರನೆಯ ಅನುಸೂಚಿಯಲ್ಲಿ ಆರೇ ಆರು ನಮೂದುಗಳಿದ್ದವು; ಅವುಗಳಲ್ಲಿ ಪಾದುಕೆ ಆರ್ಕಿಡ್‌ಗಳ ಇಡೀ ಕುಲವೂ ಒಂದು. ಕಾಡಿನಿಂದ ಅವನ್ನು ಕೀಳುವುದು, ಸಂಗ್ರಹಿಸುವುದು, ನಾಶಪಡಿಸುವುದು ಅಪರಾಧ. ಬೆಳೆಸಲು ಮತ್ತು ಮಾರಲು ಪರವಾನಗಿ ಬೇಕು. 2022ರ ತಿದ್ದುಪಡಿಯ ನಂತರ ಅನುಸೂಚಿಗಳು ನಾಲ್ಕಕ್ಕೆ ಇಳಿದು, ಸಂರಕ್ಷಿತ ಸಸ್ಯಗಳು ಮೂರನೆಯದರಲ್ಲಿವೆ. ಅಳಿವಿನಂಚಿನ ಪ್ರಭೇದಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದಲ್ಲಿ ಈ ಕುಲ 1990ರಿಂದ ಮೊದಲನೆಯ ಅನುಬಂಧದಲ್ಲಿದೆ. ಕಾಡಿನ ಗಿಡಗಳ ವಾಣಿಜ್ಯ ವ್ಯಾಪಾರಕ್ಕೆ ಅಲ್ಲಿ ಅವಕಾಶವೇ ಇಲ್ಲ. ಗಿಡ ಬೆಳೆಯುವ ಬೆಟ್ಟಗಳು ಕೇರಳದ ವನ್ಯಧಾಮಗಳಿಗೂ 1988ರಲ್ಲಿ ರೂಪುಗೊಂಡ ತಮಿಳುನಾಡಿನ ಕಳಕ್ಕಾಡು–ಮುಂಡಂತುರೈ ಹುಲಿ ಮೀಸಲಿಗೂ ಸೇರಿದ ಸೀಮೆ.

ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ದುಃಖವಾಗುತ್ತದೆ. ಗಿಡಗಳನ್ನು ಕಿತ್ತೊಯ್ದದ್ದು 1970ರ ದಶಕದಲ್ಲಿ. ಅದನ್ನು ತಡೆಯಬಲ್ಲ ಸಸ್ಯಗಳ ಅಧ್ಯಾಯ ಬಂದದ್ದು 1991ರಲ್ಲಿ.

ಪ್ರಯೋಗಾಲಯದ ದಾರಿ

ತಿರುವನಂತಪುರದ ಬಳಿ ಪಾಲೋಡಿನಲ್ಲಿ 1979ರಲ್ಲಿ ಸ್ಥಾಪನೆಯಾದ ಉಷ್ಣವಲಯದ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆ ಇದೇ ಬೆಟ್ಟಸಾಲಿನ ಬುಡದಲ್ಲಿದೆ. ಈ ಆರ್ಕಿಡ್‌ನ ಬೀಜಗಳನ್ನು ಪ್ರಯೋಗಾಲಯದಲ್ಲಿ ಮೊಳೆಯಿಸಿ, ಸಸಿಗಳನ್ನು ಅಗಸ್ತ್ಯಮಲೆಯಲ್ಲಿ ಮತ್ತೆ ನೆಡುವ ಕೆಲಸವನ್ನು ಈ ಸಂಸ್ಥೆಯ ವಿಜ್ಞಾನಿಗಳು ಕೈಗೆತ್ತಿಕೊಂಡರು. ಅವರ ಕೆಲಸದ ಬೆಲೆ ಅರಿಯಬೇಕಾದರೆ ಆರ್ಕಿಡ್ ಬೀಜದ ಕಷ್ಟವನ್ನು ಮೊದಲು ತಿಳಿಯಬೇಕು.

ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಬೀಜಗಳಿರುತ್ತವೆ, ಆದರೆ ಅವು ಧೂಳಿನಷ್ಟು ಸಣ್ಣವು. ಭತ್ತದ ಕಾಳಿನಲ್ಲೋ ತೆಂಗಿನಲ್ಲೋ ಇರುವಂತೆ ಮೊಳಕೆಗೆ ಬೇಕಾದ ಬುತ್ತಿ ಆ ಬೀಜದೊಳಗೆ ಇಲ್ಲ. ಗಾಳಿಯಲ್ಲಿ ಹಾರಿ ನೆಲಕ್ಕೆ ಬಿದ್ದ ಬೀಜಕ್ಕೆ ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಬಂದು ಕೂಡಿಕೊಳ್ಳಬೇಕು. ಆ ಶಿಲೀಂಧ್ರದ ಎಳೆಗಳ ಮೂಲಕ ಆಹಾರ ದೊರೆತರೆ ಮಾತ್ರ ಮೊಳಕೆ ಬೆಳೆಯುತ್ತದೆ. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಈ ಸಂಬಂಧವನ್ನು 1899ರಲ್ಲಿ ಗುರುತಿಸಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್, ಶಿಲೀಂಧ್ರದ ಬದಲು ಸಕ್ಕರೆ ಬೆರೆತ ಪೋಷಕ ಮಾಧ್ಯಮದಲ್ಲೇ ಬೀಜ ಮೊಳೆಯಬಲ್ಲದು ಎಂದು ತೋರಿಸಿಕೊಟ್ಟ. ಇಂದು ಬೀಜದಿಂದ ಆರ್ಕಿಡ್ ಸಸಿ ಬೆಳೆಸುವ ಕೆಲಸವೆಲ್ಲ ನಿಂತಿರುವುದು ಆ ಮಾಧ್ಯಮ ತುಂಬಿದ ಗಾಜಿನ ಬಾಟಲಿಯ ಮೇಲೆ. ಅನೇಕ ಅಲಂಕಾರಿಕ ಆರ್ಕಿಡ್‌ಗಳನ್ನು ಚಿಗುರಿನ ತುದಿಯ ಅಂಗಾಂಶದಿಂದ ಲೆಕ್ಕವಿಲ್ಲದಷ್ಟು ಹೆಚ್ಚಿಸಬಹುದಾದರೂ ಪಾದುಕೆ ಆರ್ಕಿಡ್‌ಗಳು ಆ ವಿಧಾನಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಬೀಜವೇ ಮುಖ್ಯ ದಾರಿ. ಬೀಜ ಬೇಕೆಂದರೆ ಹೂಗಳ ನಡುವೆ ಕೈಯಿಂದ ಪರಾಗಸ್ಪರ್ಶ ಮಾಡಿಸಿ, ಕಾಯಿ ಬಲಿಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಬಾಟಲಿಯಲ್ಲಿ ಮೊಳೆತದ್ದು ಕುಂಡಕ್ಕೆ ಬಂದು ಹೂ ಬಿಡಲು ಇನ್ನೂ ಹಲವು ವರ್ಷ ಹಿಡಿಯುತ್ತದೆ.

ಯೂರೋಪಿನ ನರ್ಸರಿಗಳಲ್ಲಿ ಇದೇ ಗಿಡ ಇರುವಾಗ ಇಷ್ಟು ಕಷ್ಟ ಏಕೆ, ಅಲ್ಲಿಂದಲೇ ತಂದು ನೆಡಬಾರದೇ ಎಂಬ ಪ್ರಶ್ನೆ ಸಹಜ. ಬಾರದು ಎಂಬುದು ನನ್ನ ಖಚಿತ ನಿಲುವು. ಅಲ್ಲಿನ ಗಿಡಗಳು ಹಲವು ತಲೆಮಾರುಗಳಿಂದ ಮನುಷ್ಯರ ಆಯ್ಕೆಗೆ ಒಳಗಾದವು: ದೊಡ್ಡ ಹೂ, ಅಗಲವಾದ ದಳ, ಕುಂಡದ ಬದುಕಿಗೆ ಒಗ್ಗುವ ಗುಣ, ಇವೇ ಅಲ್ಲಿ ಉಳಿವಿನ ಮಾನದಂಡಗಳು. ಬೆಟ್ಟದ ಗಾಳಿ, ಬೇಸಿಗೆಯ ಒಣಗು, ತೆಳುಮಣ್ಣಿನ ಬಡತನಗಳನ್ನು ತಡೆದುಕೊಂಡವು ಮಾತ್ರ ಬದುಕುವ ನಿಸರ್ಗದ ಆಯ್ಕೆಗೂ ಅದಕ್ಕೂ ಹೋಲಿಕೆಯಿಲ್ಲ. ಯಾವ ತಾಣದ ತಾಯಿಗಿಡದಿಂದ ಬಂದವೆಂಬ ದಾಖಲೆ ಬಹುಪಾಲು ಕೃಷಿಯ ಗಿಡಗಳಿಗೆ ಇರುವುದಿಲ್ಲ. ಮಿಶ್ರತಳಿಯ ರಕ್ತ ಸೇರಿರುವ ಸಾಧ್ಯತೆಯೂ ಇದೆ. ಜೊತೆಗೆ ಗಾಜಿನ ಮನೆಗಳ ರೋಗಗಳನ್ನು ಬೆಟ್ಟಕ್ಕೆ ಹೊತ್ತೊಯ್ಯುವ ಅಪಾಯವಿದೆ. ಆದ್ದರಿಂದಲೇ ಬೆಟ್ಟದ ಮೂಲದ ಬೀಜಕ್ಕೆ ಬದಲಿಯಿಲ್ಲ. ಉಳಿದಿರುವ ಪ್ರತಿ ಕಾಡುಗಿಡವೂ ಅಳಿದುಹೋದ ತಾಣಗಳ ಆನುವಂಶಿಕ ಆಸ್ತಿಯ ಕೊನೆಯ ಪಾಲುದಾರ.

ಕೃಷಿಯ ಗಿಡಗಳಿಂದ ಒಂದು ಉಪಕಾರ ನಿಜಕ್ಕೂ ಆಗಬಲ್ಲದು. ಬೀಜದಿಂದ ಬೆಳೆಸಿದ ಗಿಡ ಪರವಾನಗಿಯೊಂದಿಗೆ, ಎಟುಕುವ ಬೆಲೆಗೆ ದೊರೆತರೆ, ಕದ್ದ ಗಿಡಕ್ಕೆ ಗಿರಾಕಿಗಳು ಕಡಿಮೆಯಾಗುತ್ತಾರೆ. ಆದರೂ ಕಾಡಿನ ಗಿಡವೇ ಬೇಕೆಂದು ಹಟ ಹಿಡಿಯುವ ಸಂಗ್ರಾಹಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಷ್ಟು ಸಣ್ಣ ಸಂಖ್ಯೆಯ ಗಿಡಗಳನ್ನು ಮುಗಿಸಲು ಅಂಥವರು ನಾಲ್ಕೈದು ಜನ ಸಾಕು.

ಮರಳಿ ಇಳಿಜಾರಿಗೆ

ಬಾಟಲಿಯಿಂದ ಹೊರಬಂದ ಸಸಿ ಬೆಟ್ಟದಲ್ಲಿ ಎದುರಿಸುವುದು ತಾನೆಂದೂ ಕಾಣದ ಲೋಕವನ್ನು. ಅದರ ಬೇರಿಗೆ ಶಿಲೀಂಧ್ರದ ಪರಿಚಯವಿಲ್ಲ; ಸಕ್ಕರೆಯಲ್ಲಿ ಬೆಳೆದ ಸಸಿ ಮಣ್ಣಿನಲ್ಲಿ ತನ್ನ ಒಡನಾಡಿಯನ್ನು ಹುಡುಕಿಕೊಳ್ಳಬೇಕು. ಎಲೆಗಳು ತೇವ ತುಂಬಿದ ಗಾಳಿಗೆ ಒಗ್ಗಿದವು. ಅವನ್ನು ಹಂತಹಂತವಾಗಿ ಬಿಸಿಲು ಗಾಳಿಗಳಿಗೆ ಪಳಗಿಸಬೇಕು. ನೆಡುವ ಹೊತ್ತು ಮಳೆಯ ಆರಂಭಕ್ಕೆ ಹೊಂದಬೇಕು, ಇಲ್ಲವಾದರೆ ಬೇರು ಹಿಡಿಯುವ ಮುನ್ನವೇ ಜನವರಿಯ ಒಣಗು ಬಂದುಬಿಡುತ್ತದೆ. ಇವೆಲ್ಲವನ್ನೂ ದಾಟಿ ಸಸಿ ನೆಲಹಿಡಿದರೂ ಅಲ್ಲಿಗೆ ಕೆಲಸದ ಅರ್ಧವಷ್ಟೇ ಮುಗಿಯುತ್ತದೆ. ನೆಟ್ಟ ಗಿಡ ಬದುಕಿತೆಂಬ ವರದಿಯನ್ನು ನಾವು ಯಶಸ್ಸೆಂದು ಬೇಗ ಒಪ್ಪಿಕೊಳ್ಳುತ್ತೇವೆ. ಮನುಷ್ಯ ನೆಟ್ಟು, ಮನುಷ್ಯ ಕಾದು, ಸತ್ತರೆ ಮನುಷ್ಯನೇ ಮತ್ತೆ ನೆಡುವ ಗಿಡಗಳ ಗುಂಪನ್ನು ತೋಟ ಎನ್ನಬಹುದು, ಕಾಡು ಎನ್ನಲಾಗದು.

ಹುಲ್ಲಿನ ಇಳಿಜಾರಿಗಿರುವ ದೊಡ್ಡ ಭಯ ಬೆಂಕಿ. ವರ್ಷದ ಮೊದಲ ತಿಂಗಳುಗಳಲ್ಲಿ ಹುಲ್ಲು ಒಣಗಿ ನಿಂತಾಗ ಕೆಳಗಿನಿಂದ ಬಂದ ಒಂದು ಕಿಡಿ ಗಾಳಿಯ ಬಲದಿಂದ ಮೇಲಕ್ಕೆ ಓಡುತ್ತದೆ. ಮಳೆಕಾಡಿನ ಒಳಗೆ ತೇವವಿರುವುದರಿಂದ ಬೆಂಕಿ ಅದರ ಅಂಚಿನಲ್ಲೇ ನಿಲ್ಲುವುದುಂಟು. ಈ ಆರ್ಕಿಡ್‌ನ ನೆಲೆಯಾದರೋ ಆ ಅಂಚೇ. ಎಲೆಗೊಬ್ಬರದ ಪದರಿನಲ್ಲಿ ಹರಿಯುವ ಕಾಂಡಕ್ಕೆ ಮಣ್ಣಿನ ಆಳದ ಆಸರೆಯಿಲ್ಲ. ಆ ಪದರು ಬೆಂದರೆ ಕಾಂಡವೂ ಹೋಗುತ್ತದೆ, ಬೀಜ ಮೊಳೆಯಲು ಬೇಕಾದ ಶಿಲೀಂಧ್ರವೂ ಹೋಗುತ್ತದೆ, ಮುಂದಿನ ಮಳೆಗೆ ಮೇಲ್ಮಣ್ಣೇ ಕೊಚ್ಚಿಹೋಗುತ್ತದೆ. ಅಗಸ್ತ್ಯಮಲೆಯ ಚಾರಣಕ್ಕೆ ಅರಣ್ಯ ಇಲಾಖೆ ಪರವಾನಗಿ ಕೊಡುವುದು ವರ್ಷಾರಂಭದ ಇದೇ ಒಣ ತಿಂಗಳುಗಳಲ್ಲಿ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ಆ ಮಿತಿಯನ್ನು ಸಡಿಲಿಸಬೇಕೆಂಬ ಒತ್ತಾಯ ಬಂದಾಗಲೆಲ್ಲ ಈ ಗಿಡದ ಕಡೆಯಿಂದ ಮಾತಾಡುವವರು ಯಾರೂ ಇರುವುದಿಲ್ಲ ಎಂಬುದು ನನ್ನ ಕಳವಳ.

ಕಾವಲಿನ ಪ್ರಶ್ನೆಯೂ ಇಲ್ಲಿಯೇ ಎದುರಾಗುತ್ತದೆ. ತಾಣವನ್ನು ಗುಟ್ಟಾಗಿಡಬೇಕು ಎಂಬುದು ಸರಿ. ಆದರೆ ಗುಟ್ಟು ಪೂರ್ಣವಾದರೆ, ಬೆಂಕಿ ಹರಡದಂತೆ ತಡೆಯುವ ಬೆಂಕಿರೇಖೆಯನ್ನು ಎಲ್ಲಿ ಕಡಿಯಬೇಕೆಂಬುದು ಅರಣ್ಯದ ಕಾವಲುಗಾರನಿಗೂ ತಿಳಿಯದೆ ಹೋಗುತ್ತದೆ. ಈ ಬೆಟ್ಟಗಳಲ್ಲಿ ತಲೆಮಾರುಗಳಿಂದ ಬದುಕಿರುವ ಕಾಣಿ ಸಮುದಾಯದವರು ದಾರಿ, ಝರಿ, ಗಿಡಗಳನ್ನು ಬಲ್ಲಷ್ಟು ಹೊರಗಿನ ಯಾರೂ ಬಲ್ಲವರಲ್ಲ. 1987ರಲ್ಲಿ ಸಂಶೋಧಕರೊಡನೆ ಕಾಡು ನಡೆದ ಕಾಣಿ ಜನರು ದಣಿವಾರಿಸಿಕೊಳ್ಳಲು ತಿನ್ನುತ್ತಿದ್ದ ಕಾಯಿಯಿಂದಲೇ ಆರೋಗ್ಯಪಚ್ಚೆ ಎಂಬ ಗಿಡ ವೈದ್ಯಲೋಕಕ್ಕೆ ತಿಳಿಯಿತು. ಅದರಿಂದ ಪಾಲೋಡಿನ ಸಂಸ್ಥೆ ರೂಪಿಸಿದ ಔಷಧದ ಪರವಾನಗಿ ಶುಲ್ಕದಲ್ಲಿ ಅರ್ಧ ಆ ಸಮುದಾಯಕ್ಕೆ ಸಂದಿತು. ಜನರ ಅರಿವಿಗೆ ಪಾಲು ಕೊಟ್ಟ ಆ ಏರ್ಪಾಡನ್ನು ಆರ್ಕಿಡ್‌ನ ಕಾವಲಿಗೂ ವಿಸ್ತರಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ: ತಾಣವನ್ನು ಬಲ್ಲವರು ಕಡಿಮೆಯಿರಲಿ, ಆದರೆ ಬಲ್ಲವರಲ್ಲಿ ಆ ಬೆಟ್ಟದವರೇ ಮೊದಲಿಗರಾಗಿರಲಿ, ಅವರ ಕಾವಲಿಗೆ ವರ್ಷವಿಡೀ ಸಂಬಳವಿರಲಿ. ಹೂ ಅರಳುವ ಕಾಲದಲ್ಲಿ ಮತ್ತು ಬೆಂಕಿಯ ಕಾಲದಲ್ಲಿ ಇಳಿಜಾರಿನಲ್ಲಿ ಒಬ್ಬ ಮನುಷ್ಯ ಇರುವುದರಿಂದ ಆಗುವ ಉಪಯೋಗ ಯಾವ ಅನುಸೂಚಿಯಿಂದಲೂ ಆಗುವುದಿಲ್ಲ.

ನೆಟ್ಟ ಸಸಿಗಳ ಪರಿಶೀಲನೆಯನ್ನು ಎಷ್ಟು ಬದುಕಿವೆ ಎಂಬ ಎಣಿಕೆಗೆ ನಿಲ್ಲಿಸಬಾರದು. ಎಷ್ಟು ಹೂಗಳು ಕೈಸೋಕದೆ ಕಾಯಿ ಕಟ್ಟಿದವು, ಬೇರಿನಲ್ಲಿ ಶಿಲೀಂಧ್ರ ನೆಲೆಸಿದೆಯೇ, ಹರಿಯುವ ಕಾಂಡ ಹೊಸ ಚಿಗುರು ಕೊಟ್ಟಿದೆಯೇ ಎಂಬುದನ್ನು ಪ್ರತಿವರ್ಷವೂ ಅದೇ ಜಾಗಕ್ಕೆ ಹೋಗಿ ನೋಡಬೇಕು. ಹಾಗೆ ನೋಡುವವರು ನೆಟ್ಟ ಗಿಡಗಳಿಂದ ಒಂದಿಷ್ಟು ದೂರ ಸರಿದು, ಬಂಡೆಯ ಸಂದಿನಲ್ಲಿ ಮೊಣಕಾಲೂರಿ ಹುಡುಕಬೇಕಾದದ್ದು ಒಂದೇ: ಯಾರ ಪಟ್ಟಿಯಲ್ಲೂ ಇಲ್ಲದ, ಯಾರೂ ನೆಡದ, ಎರಡೇ ಎಲೆಯ ಒಂದು ಮರಿಗಿಡ.